ಹಳೆಯ ಎಸ್‌ಯುವಿ ಗಾಡಿಯ ಬ್ರೇಕ್ ಕ್ಯಾಲಿಪರ್: ಅದರ ಪಾಲನೆ ಮತ್ತು ಬದಲಾವಣೆ

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ರಾಯಚೂರು ಸೀಮೆಯಲ್ಲಿ ಒಕ್ಕಲುತನದ ಸಾಧನಗಳು ಬಹಳ ಮಾರ್ಪಾಟು ಹೊಂದಿವೆ. ಬಂಡಿಯು ಮಾಡುತ್ತಿದ್ದ ಕೆಲಸದಲ್ಲಿ ಒಂದು ಭಾಗವನ್ನು ಈಗ ಬೊಲೆರೊ ಮೊದಲಾದ ಸಣ್ಣ ಎಸ್‌ಯುವಿ ಗಾಡಿಗಳು ಮಾಡುತ್ತಿವೆ. ದೇವದುರ್ಗದ ಕಡೆಯಿಂದ ಮೆಣಸಿನಕಾಯಿಯ ಮಾದರಿಯನ್ನು ರಾಯಚೂರಿನ ಗಂಜಿಗೆ ಒಯ್ಯುವುದಕ್ಕೂ, ಮಾನ್ವಿಯಿಂದ ಬೀಜ ಗೊಬ್ಬರಗಳನ್ನು ಹೊಲದ ಬದುವಿನವರೆಗೆ ತರುವುದಕ್ಕೂ, ಕಾಯಿಲೆಯವರನ್ನು ನಡುರಾತ್ರಿಯಲ್ಲಿ ಆಸ್ಪತ್ರೆಗೆ ಮುಟ್ಟಿಸುವುದಕ್ಕೂ ಇದೇ ಗಾಡಿಯು ಬೇಕು. ಇವುಗಳಲ್ಲಿ ಅನೇಕವು ಹತ್ತು ಹದಿನೈದು ವರ್ಷ ದುಡಿದಂಥವು. ಎರಡನೆಯ ಅಥವಾ ಮೂರನೆಯ ಕೈಗೆ ಬಂದಂಥವು. ಇಂಥ ಗಾಡಿಯ ಎಂಜಿನ್ನಿಗೆ ತೋರುವ ಆದರವನ್ನು ಅದರ ಬ್ರೇಕಿಗೆ ತೋರುವವರು ವಿರಳ. ಎಂಜಿನ್ನು ಕೆಟ್ಟರೆ ಗಾಡಿಯು ನಿಲ್ಲುತ್ತದೆ. ಬ್ರೇಕು ಕೆಟ್ಟರೆ ಗಾಡಿಯು ನಿಲ್ಲುವುದಿಲ್ಲ. ಇವೆರಡರಲ್ಲಿ ಹೆಚ್ಚಿನ ಕೇಡು ಯಾವುದೆಂಬುದನ್ನು ವಿವರಿಸಬೇಕಾಗಿಲ್ಲ.

ಕ್ಯಾಲಿಪರಿನ ಸ್ವರೂಪ

ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕೂ ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕೂ ಇರುತ್ತವೆ. ಡಿಸ್ಕ್ ಎಂಬುದು ಚಕ್ರದೊಡನೆ ತಿರುಗುವ ಎರಕದ ಕಬ್ಬಿಣದ ತಟ್ಟೆ. ಕಮ್ಮಾರನು ಕಾದ ಕಬ್ಬಿಣವನ್ನು ಇಕ್ಕುಳದಿಂದ ಹಿಡಿಯುವಂತೆ ಈ ತಟ್ಟೆಯನ್ನು ಎರಡು ಮಗ್ಗುಲಿಂದ ಅಮುಕಿ ಹಿಡಿಯುವ ಸಾಧನವೇ ಕ್ಯಾಲಿಪರ್. ಪೆಡಲನ್ನು ಒತ್ತಿದಾಗ ಬ್ರೇಕ್ ಆಯಿಲಿನ ಒತ್ತಡವು ಕ್ಯಾಲಿಪರಿನೊಳಗಣ ಪಿಸ್ಟನ್ನನ್ನು ಮುಂದಕ್ಕೆ ನೂಕುತ್ತದೆ. ಅದು ಒಳಮಗ್ಗುಲ ಪ್ಯಾಡನ್ನು ತಟ್ಟೆಗೆ ಒತ್ತುತ್ತದೆ. ಆಗ ಕ್ಯಾಲಿಪರಿನ ಮೈಯು ಎರಡು ಸ್ಲೈಡ್ ಪಿನ್ನುಗಳ ಮೇಲೆ ಜಾರಿ, ಹೊರಮಗ್ಗುಲ ಪ್ಯಾಡನ್ನೂ ಎಳೆದು ಒತ್ತುತ್ತದೆ. ಕಾಲನ್ನು ತೆಗೆದ ಕೂಡಲೆ ಪಿಸ್ಟನ್ನಿನ ಸುತ್ತಲಿರುವ ರಬ್ಬರಿನ ಸೀಲು ತನ್ನ ಮೊದಲಿನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಪ್ಯಾಡು ಸಡಿಲುವುದು ಈ ಅತ್ಯಲ್ಪ ಚಲನೆಯಿಂದಲೇ.

ತಟ್ಟೆಯ ಬ್ರೇಕು ಹೊಸ ಕಲ್ಪನೆಯಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರನು 1902ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದನು. ಆದರೆ ಆ ಕಾಲದ ಧೂಳುದಾರಿಗಳಲ್ಲಿ ಅದರ ತಾಮ್ರದ ಪಟ್ಟಿಗಳು ಬೇಗನೆ ಸವೆಯುತ್ತಿದ್ದವು. ಧೂಳು ಅಂದಿನಿಂದ ಇಂದಿನವರೆಗೂ ಈ ಬ್ರೇಕಿನ ಶತ್ರುವಾಗಿಯೇ ಉಳಿದಿದೆ.

ಬ್ರೇಕಿನ ಕೆಲಸವೆಂದರೆ ವೇಗವನ್ನು ಶಾಖವನ್ನಾಗಿ ಮಾರ್ಪಡಿಸುವುದು. ಜನರೂ ಸಾಮಾನೂ ಸೇರಿ 2,000 ಕಿಲೋಗ್ರಾಮ್ ತೂಗುವ ಗಾಡಿಯು ಗಂಟೆಗೆ 60 ಕಿಲೋಮೀಟರ್ ವೇಗದಿಂದ ಒಮ್ಮೆ ನಿಂತರೆ ಹುಟ್ಟುವ ಶಾಖವು, 30 ಡಿಗ್ರಿಯಲ್ಲಿರುವ ಒಂದು ಲೀಟರ್ ನೀರನ್ನು ಹೆಚ್ಚುಕಡಿಮೆ ಕುದಿಯುವ ಮಟ್ಟಕ್ಕೆ ತರಲು ಸಾಕು. ವೇಗವು 40 ಇದ್ದರೆ ಈ ಶಾಖವು ಅರ್ಧಕ್ಕಿಂತಲೂ ಕಡಿಮೆ. ಗಾಡಿಯು ನಿಲ್ಲುವಾಗ ಭಾರವು ಮುಂದಕ್ಕೆ ಬಾಗುವುದರಿಂದ ಇದರಲ್ಲಿ ದೊಡ್ಡ ಪಾಲು ಮುಂದಿನ ಎರಡು ಕ್ಯಾಲಿಪರುಗಳ ಮೇಲೆಯೇ ಬೀಳುತ್ತದೆ.

ಕೆಡುವುದಕ್ಕೆ ಕಾರಣಗಳು

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಮಾನ್ವಿಯ ಕಡೆಯಲ್ಲಿಯೂ, ನಾರಾಯಣಪುರ ಬಲದಂಡೆ ಕಾಲುವೆಯ ನೀರಿನಿಂದ ದೇವದುರ್ಗದ ಕಡೆಯಲ್ಲಿಯೂ ಬೇಸಾಯವು ಬೆಳೆದಿದೆ. ಭತ್ತದ ನಾಟಿಯ ಕಾಲದಲ್ಲಿ ಗಾಡಿಯು ಗದ್ದೆಯ ದಾರಿಗೆ ಇಳಿದರೆ ಎರೆಮಣ್ಣಿನ ಕೆಸರು ಚಕ್ರದೊಳಗೆ ಮೆತ್ತಿಕೊಳ್ಳುತ್ತದೆ. ಬೇಸಗೆಯಲ್ಲಿ ಅದೇ ಮಣ್ಣು ಸಣ್ಣ ಧೂಳಾಗಿ ಸಂದುಗೊಂದುಗಳಲ್ಲಿ ಸೇರುತ್ತದೆ. ಪಿಸ್ಟನ್ನಿನ ಬಾಯಿಗೆ ಮುಚ್ಚಿರುವ ರಬ್ಬರಿನ ತೊಡಿಗೆಯು ವಯಸ್ಸಾಗಿ ಬಿರಿದರೆ ನೀರು ಒಳಹೊಕ್ಕು ಪಿಸ್ಟನ್ನಿಗೆ ತುಕ್ಕು ಹಿಡಿಯುತ್ತದೆ. ಪಿನ್ನುಗಳ ಗ್ರೀಸು ಒಣಗಿದರೆ ಕ್ಯಾಲಿಪರಿನ ಮೈಯು ಜಾರದೆ ನಿಲ್ಲುತ್ತದೆ. ಇದನ್ನೇ ಮಿಸ್ತ್ರಿಗಳು ಕ್ಯಾಲಿಪರ್ ಜಾಮ್ ಎನ್ನುವುದು.

ಒಳಗಿನಿಂದ ಬರುವ ಕೇಡು ಬೇರೊಂದುಂಟು. ಬ್ರೇಕ್ ಆಯಿಲು ಗಾಳಿಯಲ್ಲಿನ ತೇವವನ್ನು ಹೀರುವ ಗುಣವುಳ್ಳದ್ದು. ಡಾಟ್ 3 ದರ್ಜೆಯ ಹೊಸ ಆಯಿಲಿಗೆ ಕುದಿಬಿಂದುವು 205 ಡಿಗ್ರಿ ಸೆಲ್ಸಿಯಸ್ಸಿಗೆ ಕಡಿಮೆ ಇರಕೂಡದು; ತೇವ ಹೀರಿದ ಆಯಿಲಿಗೆ ಇದೇ ಮಿತಿಯು 140 ಡಿಗ್ರಿ. ಡಾಟ್ 4 ದರ್ಜೆಯಲ್ಲಿ ಈ ಅಂಕಿಗಳು 230 ಮತ್ತು 155. ಜಾಮ್ ಆದ ಕ್ಯಾಲಿಪರು ಕಾಯುತ್ತ ಕಾಯುತ್ತ ಹಳೆಯ ಆಯಿಲನ್ನು ಕುದಿಸಿದರೆ ಅದರಲ್ಲಿ ಆವಿಯು ಹುಟ್ಟುತ್ತದೆ. ಆವಿಯು ಒತ್ತಿದರೆ ಕುಗ್ಗುವ ವಸ್ತು. ಆಗ ಪೆಡಲು ನೆಲ ಮುಟ್ಟುತ್ತದೆಯೇ ಹೊರತು ಗಾಡಿಯು ನಿಲ್ಲುವುದಿಲ್ಲ.

ಮುನ್ಸೂಚನೆಗಳು

ಕ್ಯಾಲಿಪರು ಒಂದೇ ದಿನದಲ್ಲಿ ಕೆಡುವುದು ಅಪರೂಪ. ಬಹು ದಿನಗಳಿಂದ ಅದು ಸೂಚನೆ ಕೊಡುತ್ತಲೇ ಇರುತ್ತದೆ. ಬ್ರೇಕ್ ಒತ್ತಿದಾಗ ಗಾಡಿಯು ಒಂದೇ ಮಗ್ಗುಲಿಗೆ ಎಳೆಯುವುದು, ಸುಟ್ಟ ವಾಸನೆ, ಡೀಸೆಲ್ ಖರ್ಚು ಹೆಚ್ಚುವುದು, ಚಕ್ರದ ಒಳಮೈಯಲ್ಲಿ ಆಯಿಲಿನ ಪಸೆ, ಒಂದು ಪ್ಯಾಡು ಇನ್ನೊಂದಕ್ಕಿಂತ ಬೇಗ ಸವೆಯುವುದು ಇವೇ ಆ ಸೂಚನೆಗಳು. ಹತ್ತು ಕಿಲೋಮೀಟರ್ ಸಾಗಿದ ಮೇಲೆ ಗಾಡಿಯನ್ನು ನಿಲ್ಲಿಸಿ ಪ್ರತಿ ಚಕ್ರದ ಹತ್ತಿರ, ಮುಟ್ಟದೆ, ಅಂಗೈಯನ್ನು ಹಿಡಿದು ನೋಡತಕ್ಕದ್ದು. ಮುಂದಿನ ಎರಡು ಚಕ್ರಗಳ ಬಿಸಿಯು ಸರಿಸಮವಾಗಿದ್ದರೆ ಚಿಂತೆಯಿಲ್ಲ. ಒಂದು ಮಾತ್ರ ಅತಿಯಾಗಿ ಕಾದಿದ್ದರೆ ದೋಷವು ಅಲ್ಲಿಯೇ ಇದೆ.

ಕೊಳ್ಳುವ ಮುನ್ನ ಒಂದು ಪರೀಕ್ಷೆ

ಚಕ್ರವು ಹಿಡಿದ ಮಾತ್ರಕ್ಕೆ ಕ್ಯಾಲಿಪರು ಹೋಯಿತೆಂದು ತೀರ್ಮಾನಿಸಿ ಹಣ ತೆರುವುದು ಸರಿಯಲ್ಲ. ಹಳೆಯ ಗಾಡಿಗಳಲ್ಲಿ ಆಯಿಲನ್ನು ಒಯ್ಯುವ ರಬ್ಬರಿನ ಹೋಸ್ ಪೈಪು ಒಳಗೆ ಉಬ್ಬಿ ಕಟ್ಟಿಕೊಂಡಾಗಲೂ ಚಕ್ರವು ಹೀಗೆಯೇ ಹಿಡಿಯುತ್ತದೆ. ಒತ್ತಡವು ಹೋಗುತ್ತದೆ, ಮರಳಿ ಬರುವುದಿಲ್ಲ. ಆದುದರಿಂದ ಚಕ್ರವನ್ನು ಎತ್ತಿ, ಬ್ರೇಕನ್ನು ಒತ್ತಿ ಬಿಟ್ಟು, ಕೈಯಿಂದ ತಿರುಗಿಸಿ ನೋಡಬೇಕು. ಹಿಡಿದಿದ್ದರೆ ಕ್ಯಾಲಿಪರಿನ ಬ್ಲೀಡರ್ ತಿರುಪನ್ನು ತುಸು ಸಡಿಲಿಸಬೇಕು. ಆಯಿಲು ಚಿಮ್ಮಿ ಚಕ್ರವು ಸಡಿಲಾದರೆ ದೋಷವು ಹೋಸ್ ಪೈಪಿನದು ಅಥವಾ ಅದಕ್ಕೂ ಹಿಂದಿನ ಮಾಸ್ಟರ್ ಸಿಲಿಂಡರಿನದು. ತಿರುಪನ್ನು ಬಿಟ್ಟರೂ ಚಕ್ರವು ಹಿಡಿದೇ ಇದ್ದರೆ ಪಿಸ್ಟನ್ನಿನದು ಅಥವಾ ಪಿನ್ನಿನದು. ಪಿನ್ನು ಮಾತ್ರ ಬಿಗಿದಿದ್ದರೆ ಶುಚಿಮಾಡಿ ಬ್ರೇಕಿಗೆಂದೇ ಇರುವ ಗ್ರೀಸು ಹಚ್ಚಿದರೆ ಕೆಲಸವು ಮುಗಿಯಿತು. ಪಿಸ್ಟನ್ನು ನುಣುಪಾಗಿದ್ದು ಸೀಲು ಮಾತ್ರ ಹೋಗಿದ್ದರೆ ಸೀಲು ಕಿಟ್ ಹಾಕಿಸಬಹುದು. ಪಿಸ್ಟನ್ನಿನಲ್ಲಿಯಾಗಲಿ ಅದರ ಕುಹರದಲ್ಲಿಯಾಗಲಿ ತುಕ್ಕಿನ ಕುಳಿಗಳು ಬಿದ್ದಿದ್ದರೆ ಹೊಸ ಕ್ಯಾಲಿಪರೇ ಗತಿ.

ಬದಲಾಯಿಸುವ ಕ್ರಮ

ಅನುಭವವಿಲ್ಲದವರು ಈ ಕೆಲಸವನ್ನು ನುರಿತ ಮಿಸ್ತ್ರಿಗೆ ಒಪ್ಪಿಸುವುದೇ ಲೇಸು. ಆದರೂ ಕ್ರಮವನ್ನು ಅರಿತಿದ್ದರೆ ಎದುರಿಗೆ ನಿಂತು ಮಾಡಿಸಿಕೊಳ್ಳಬಹುದು.

1. ಗಾಡಿಯನ್ನು ಸಮವಾದ ಗಟ್ಟಿ ನೆಲದಲ್ಲಿ ನಿಲ್ಲಿಸಬೇಕು. ಎರೆ ನೆಲದಲ್ಲಿ ಜಾಕಿಯು ಕುಸಿಯುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಎತ್ತಿದ ಗಾಡಿಯನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಜಾಕಿಯನ್ನಾಗಲಿ ಪೇರಿಸಿದ ಕಲ್ಲು ಇಟ್ಟಿಗೆಗಳನ್ನಾಗಲಿ ನಂಬಿ ಗಾಡಿಯ ಕೆಳಗೆ ಕೈಯಿಡಕೂಡದು.

2. ಪ್ಯಾಡಿನ ಧೂಳನ್ನು ಬಾಯಿಂದಲೂ ಗಾಳಿಯ ಪೈಪಿನಿಂದಲೂ ಊದಕೂಡದು. ಒದ್ದೆ ಬಟ್ಟೆಯಿಂದ ಒರೆಸಬೇಕು. ಅದು ಶ್ವಾಸಕೋಶಕ್ಕೆ ಕೇಡು.

3. ಬಿಚ್ಚಿದ ಕ್ಯಾಲಿಪರನ್ನು ಹೋಸ್ ಪೈಪಿನಿಂದ ಜೋತುಬಿಡದೆ ತಂತಿಯಿಂದ ಕಟ್ಟಿ ನಿಲ್ಲಿಸಬೇಕು. ಹೋಸ್ ಬೋಲ್ಟಿನ ತಾಮ್ರದ ವಾಶರುಗಳನ್ನು ಹೊಸದಾಗಿಯೇ ಹಾಕಬೇಕು.

4. ಹೊಸ ಕ್ಯಾಲಿಪರನ್ನು ಕೂಡಿಸುವಾಗ ಎಡ ಬಲಗಳನ್ನು ನೋಡಿಕೊಳ್ಳಬೇಕು. ಬ್ಲೀಡರ್ ತಿರುಪು ಮೇಲ್ಗಡೆಗೇ ಬರತಕ್ಕದ್ದು. ಎಡದ್ದನ್ನು ಬಲಕ್ಕೆ ಹಾಕಿದರೆ ಅದು ಕೆಳಗಾಗಿ, ಒಳಗಿನ ಗಾಳಿಯು ಎಷ್ಟು ಬ್ಲೀಡ್ ಮಾಡಿದರೂ ಹೊರಬರುವುದಿಲ್ಲ.

5. ಬೋಲ್ಟುಗಳನ್ನು ತಯಾರಕರ ಪುಸ್ತಕದಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ಪಾನಾದಿಂದಲೇ ಬಿಗಿಯಬೇಕು. ಪ್ಯಾಡುಗಳನ್ನು ಮುಂದಿನ ಎರಡು ಚಕ್ರಗಳಿಗೂ ಒಟ್ಟಿಗೆ ಬದಲಿಸಬೇಕು. ಅದೇ ದಿನ ಇನ್ನೊಂದು ಮಗ್ಗುಲ ಕ್ಯಾಲಿಪರನ್ನೂ ಬಿಚ್ಚಿ ನೋಡಬೇಕು. ಎರಡಕ್ಕೂ ವಯಸ್ಸು ಒಂದೇ.

6. ಹೊಸ ಆಯಿಲು ತುಂಬಿ, ಪೆಡಲು ಗಟ್ಟಿಯಾಗುವವರೆಗೆ ಗಾಳಿಯನ್ನು ತೆಗೆಯಬೇಕು. ಆ ಹೊತ್ತಿನಲ್ಲಿ ಡಬ್ಬಿಯ ಆಯಿಲು ತಳ ಕಾಣದಂತೆ ಎಚ್ಚರವಿರಬೇಕು. ಎಬಿಎಸ್ ಇರುವ ಗಾಡಿಯಾದರೆ ಪುಸ್ತಕದ ಕ್ರಮವನ್ನೇ ಅನುಸರಿಸಬೇಕು.

7. ಗಾಡಿಯನ್ನು ಚಾಲೂ ಮಾಡುವ ಮೊದಲು ಹಲವು ಸಲ ಪೆಡಲನ್ನು ಒತ್ತಬೇಕು. ಆಮೇಲೆ ಜನಸಂಚಾರವಿಲ್ಲದ ದಾರಿಯಲ್ಲಿ ನಿಧಾನವಾಗಿ ಪರೀಕ್ಷಿಸಬೇಕು. ಪ್ಯಾಡು ಹೊಂದಿಕೊಳ್ಳುವವರೆಗೆ ಭಾರವನ್ನೂ ವೇಗವನ್ನೂ ಮಿತಿಯಲ್ಲಿಡಬೇಕು.

ಬ್ರೇಕಿಗೆ ಎಂಜಿನ್ ಆಯಿಲನ್ನಾಗಲಿ ಡೀಸೆಲನ್ನಾಗಲಿ ಒಂದು ತೊಟ್ಟೂ ಹಾಕಕೂಡದು. ಸೀಲುಗಳು ಉಬ್ಬಿ ಇಡೀ ಬ್ರೇಕು ಹಾಳಾಗುತ್ತದೆ. ಬ್ರೇಕ್ ಆಯಿಲು ವಿಷ. ಹಳೆಯದನ್ನು ಕಾಲುವೆಗೆ ಚೆಲ್ಲಬಾರದು, ಕುಡಿಯುವ ನೀರಿನ ಬಾಟಲಿಯಲ್ಲಿ ಇಡಬಾರದು. ಬಾಯಿ ತೆರೆದು ಬಹುಕಾಲ ಇಟ್ಟ ಡಬ್ಬಿಯ ಆಯಿಲನ್ನು ಉಪಯೋಗಿಸಬಾರದು.

ವರ್ಷದ ಪಾಲನೆ

ಗದ್ದೆಯ ದಾರಿಯಿಂದ ಬಂದ ಗಾಡಿಯ ಚಕ್ರಗಳ ಕೆಸರನ್ನು ಒಣಗಲು ಬಿಡದೆ ತೊಳೆಯಬೇಕು. ಆದರೆ ಕಾದ ತಟ್ಟೆಗೆ ತಣ್ಣೀರು ಎರಚದೆ, ಅದು ಆರುವ ತನಕ ಕಾಯಬೇಕು. ಮುಂಗಾರಿಗೆ ಮುನ್ನ ಒಂದು ಸಲ, ನಾಟಿ ಮುಗಿದ ಮೇಲೆ ಒಂದು ಸಲ ಚಕ್ರಗಳನ್ನು ಬಿಚ್ಚಿ ರಬ್ಬರಿನ ತೊಡಿಗೆಗಳನ್ನೂ ಪಿನ್ನುಗಳನ್ನೂ ನೋಡಿಸಬೇಕು. ಪ್ಯಾಡಿನ ದಪ್ಪವು 3 ಮಿಲಿಮೀಟರಿಗೆ ಇಳಿದರೆ ಬದಲಿಸುವುದು ಕ್ಷೇಮ. ಆಯಿಲನ್ನು ಎರಡು ವರ್ಷಕ್ಕೊಮ್ಮೆ ಪೂರ್ತಿಯಾಗಿ ಬದಲಿಸಿ, ಆ ದಿನಾಂಕವನ್ನು ಗಾಡಿಯ ಕಾಗದಪತ್ರಗಳೊಡನೆ ಬರೆದಿಡಬೇಕು.

ಒಂದು ಡಬ್ಬಿ ಆಯಿಲು, ಸ್ವಲ್ಪ ಗ್ರೀಸು, ವರ್ಷದಲ್ಲಿ ಎರಡು ದಿನಗಳ ಬಿಡುವು, ಇಷ್ಟೇ ಈ ಪಾಲನೆಯ ವೆಚ್ಚ. ಗಂಜಿಗೆ ಹೋದ ಗಾಡಿಯಲ್ಲಿ ಮಾಲು ಮಾತ್ರವಲ್ಲ, ಮನೆಯ ಮಂದಿಯೂ ಇರುತ್ತಾರೆ. ಅವರು ಸಂಜೆಗೆ ಸುಖವಾಗಿ ಮರಳುವುದು ಆ ನಾಲ್ಕು ಬೆರಳಗಲದ ಪ್ಯಾಡುಗಳನ್ನೂ ಅವುಗಳನ್ನು ಅಮುಕುವ ಇಕ್ಕುಳವನ್ನೂ ನೆಚ್ಚಿಕೊಂಡಿದೆಯೆಂಬುದನ್ನು ಗಾಡಿಯುಳ್ಳ ಒಕ್ಕಲಿಗರು ಮರೆಯತಕ್ಕದ್ದಲ್ಲ.