ಹಳೆಯ ಜಾವಾ ಎಂಜಿನ್: ಸಿಲಿಂಡರ್ ಗೀರಿಗೆ ಪರಿಹಾರ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ 250 ಸಿ.ಸಿ. ಜಾವಾ, ಯೆಜ್ಡಿ ಮೋಟಾರ್ ಸೈಕಲ್‌ಗಳನ್ನು ಇಂದಿಗೂ ಹಲವರು ಜತನದಿಂದ ಇಟ್ಟುಕೊಂಡಿದ್ದಾರೆ. ಎಂಜಿನ್ ಬಿಚ್ಚಿದಾಗ ಸಿಲಿಂಡರಿನಲ್ಲಿ ಗೀರು ಕಂಡೊಡನೆ ಬೋರಿಂಗ್ ಮಾಡಿಸುವವರುಂಟು. ಪ್ರತಿ ಬೋರಿಂಗ್‌ಗೂ ಗೋಡೆ ತೆಳುವಾಗುತ್ತದೆ. ಓವರ್‌ಸೈಜ್ ಪಿಸ್ಟನ್‌ಗಳಿಗೂ ಮಿತಿಯಿದೆ. ಹಾಗೆಂದು ಆಳವಾದ ಗೀರನ್ನು ಬಿಟ್ಟರೆ ಹೊಸ ರಿಂಗುಗಳು ಬೇಗ ಹಾಳಾಗುತ್ತವೆ. ಆದುದರಿಂದ ಮೊದಲು ಹಾನಿಯನ್ನು ಸರಿಯಾಗಿ ಗುರುತಿಸಬೇಕು.

ಪರೀಕ್ಷೆ

ಸಿಲಿಂಡರನ್ನು ಸೀಮೆಎಣ್ಣೆಯಿಂದ ತೊಳೆದು, ಒರೆಸಿ, ಬೆಳಕಿಗೆ ಹಿಡಿಯಬೇಕು. ಬೆಳ್ಳಿಯಂತೆ ಹೊಳೆಯುವ, ಉಬ್ಬಿದ ಪಟ್ಟೆ ಇದ್ದರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ ಅಂಟಿರುವುದು, ಗೀರಲ್ಲ. ಗೀರಿನ ಮೇಲೆ ಉಗುರನ್ನು ಅಡ್ಡಲಾಗಿ ಎಳೆದಾಗ ಉಗುರು ಸಿಕ್ಕಿಕೊಂಡರೆ ಬೋರಿಂಗ್ ಬೇಕು. ಪಿಸ್ಟನ್ ಪಿನ್ನಿನ ತುದಿಗಳ ನೇರಕ್ಕೆ ಆಳವಾದ ಗೆರೆ ಇದ್ದರೆ ಸರ್ಕ್ಲಿಪ್ ಕಳಚಿರಬಹುದು.

ಸವೆತ ತಿಳಿಯಲು ಸುಲಭ ವಿಧಾನವೊಂದಿದೆ. ಹೊಸ ರಿಂಗನ್ನು ಸಿಲಿಂಡರಿನೊಳಗೆ ಇಟ್ಟು, ಪಿಸ್ಟನ್ನಿನಿಂದ ತಳ್ಳಿ ಸಮಗೊಳಿಸಿ, ಅದರ ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಬೇಕು. ರಿಂಗು ಹೆಚ್ಚು ಓಡಾಡುವ ಮೇಲ್ಭಾಗದಲ್ಲೊಮ್ಮೆ, ರಿಂಗು ತಾಗದ ತಳಭಾಗದಲ್ಲೊಮ್ಮೆ ಅಳೆದು, ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ವ್ಯಾಸದ ಸವೆತ ಸಿಗುತ್ತದೆ. ಉದಾಹರಣೆಗೆ, ವ್ಯತ್ಯಾಸ 0.31 ಮಿ.ಮೀ. ಇದ್ದರೆ ಸವೆತ ಸುಮಾರು 0.1 ಮಿ.ಮೀ. ಸಿಲಿಂಡರ್ ಅಂಡಾಕಾರಕ್ಕೆ ತಿರುಗಿದೆಯೇ ಎಂಬುದನ್ನು ಮಾತ್ರ ಲೇತ್ ಕಾರ್ಖಾನೆಯಲ್ಲಿ ಬೋರ್ ಗೇಜಿನಿಂದ ನೋಡಿಸಬೇಕು.

ಅಂಟಿದ ಅಲ್ಯೂಮಿನಿಯಂ ತೆಗೆಯುವುದು

ಕಾಸ್ಟಿಕ್ ಸೋಡಾ ದ್ರಾವಣವು ಅಲ್ಯೂಮಿನಿಯಮನ್ನು ಕರಗಿಸುತ್ತದೆ. ಎರಕದ ಕಬ್ಬಿಣಕ್ಕೆ ಹಾನಿ ಮಾಡುವುದಿಲ್ಲ. ಸೋಡಾವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಬಾರದು. ಕೋಲಿಗೆ ಸುತ್ತಿದ ಬಟ್ಟೆಯಿಂದ ಪಟ್ಟೆಯ ಮೇಲಷ್ಟೇ ಹಚ್ಚಬೇಕು. ಗುಳ್ಳೆ ಏಳುವುದು ನಿಂತಾಗ ಅಲ್ಯೂಮಿನಿಯಂ ಹೋಗಿದೆಯೆಂದು ತಿಳಿಯಬೇಕು. ಈ ಗುಳ್ಳೆಗಳು ಹತ್ತಿ ಉರಿಯುವ ಜಲಜನಕ ಅನಿಲದವು. ಆದ್ದರಿಂದ ಬಯಲಿನಲ್ಲಿ, ಬೆಂಕಿಯಿಂದ ದೂರವಿದ್ದು, ಕೈಗವಸು, ಕನ್ನಡಕ ಧರಿಸಿಯೇ ಕೆಲಸ ಮಾಡಬೇಕು.

ಉಜ್ಜುವುದು, ತೊಳೆಯುವುದು

ಉಗುರಿಗೆ ಸಿಗದ ಗೀರುಗಳಿಗೆ 220 ನಂಬರಿನ ನೀರು ಎಮರಿ ಕಾಗದಕ್ಕೆ ಡೀಸೆಲ್ ಹಚ್ಚಿ, ಓರೆಯಾಗಿ ಎರಡೂ ದಿಕ್ಕಿನಿಂದ ಹಗುರವಾಗಿ ಉಜ್ಜಬೇಕು. ಹೀಗೆ ಮೂಡುವ ಅಡ್ಡಗೆರೆಗಳು ಎಣ್ಣೆ ಹಿಡಿದಿಡುತ್ತವೆ. ಗೀರು ಪೂರ್ತಿ ಮಾಯವಾಗುವವರೆಗೆ ಒಂದೇ ಕಡೆ ಉಜ್ಜಿದರೆ ಅಲ್ಲಿ ತಗ್ಗು ಬೀಳುತ್ತದೆ. ಪೋರ್ಟುಗಳ ಅಂಚು ಚೂಪಾಗಿದ್ದರೆ ಸಾಣೆಕಲ್ಲಿನಿಂದ ಮೃದುಗೊಳಿಸಬೇಕು. ಕೊನೆಗೆ ಬಿಸಿನೀರು, ಸೋಪಿನಿಂದ ಬಿಳಿ ಬಟ್ಟೆಗೆ ಕಪ್ಪು ಹತ್ತದವರೆಗೆ ತೊಳೆದು, ಒರೆಸಿ, ತಕ್ಷಣ ಎಣ್ಣೆ ಸವರಬೇಕು. ಉಳಿದ ಎಮರಿ ಪುಡಿ ಹೊಸ ರಿಂಗುಗಳನ್ನು ತಿನ್ನುತ್ತದೆ.

ಕಾರಣ ಹುಡುಕಿ

ಪೆಟ್ರೋಲಿಗೆ ಎಣ್ಣೆ ಕಡಿಮೆಯಾಗುವುದು, ಆಯಿಲ್ ಸೀಲಿನಲ್ಲಿ ಗಾಳಿ ಸೋರುವುದು, ಏರ್ ಫಿಲ್ಟರ್ ಇಲ್ಲದೆ ಧೂಳು ಸೇರುವುದು ಮುಖ್ಯ ಕಾರಣಗಳು. ಇವನ್ನು ಸರಿಪಡಿಸದೆ ಜೋಡಿಸಿದರೆ ಗೀರು ಮತ್ತೆ ಬೀಳುತ್ತದೆ.

ಎಚ್ಚರಿಕೆ: ಪವರ್ ಸ್ಪ್ರೇಯರ್, ಕಳೆ ಕೊಚ್ಚುವ ಯಂತ್ರಗಳ ಅನೇಕ ಸಿಲಿಂಡರುಗಳು ಲೇಪನವಿರುವ ಅಲ್ಯೂಮಿನಿಯಮಿನವು. ಅಯಸ್ಕಾಂತ ಹಿಡಿಯದ ಸಿಲಿಂಡರಿಗೆ ಕಾಸ್ಟಿಕ್ ಸೋಡಾವನ್ನಾಗಲಿ ಎಮರಿ ಕಾಗದವನ್ನಾಗಲಿ ಮುಟ್ಟಿಸಬಾರದು.