ಮಣ್ಣಿನ ಗ್ರಾಫ್ ಎಲ್ಲಿಗೆ ಮುಗಿಯುತ್ತೆ?

ಲ್ಯಾಬ್‌ನಲ್ಲಿ ಮೂರು ರೀಡಿಂಗ್ ತಗೊಂಡು, ಸರಾಸರಿ ಬರೆದು, ಗ್ರಾಫ್ ಶೀಟಿನ ಮೇಲೆ ಒಂದು ಗೆರೆ ಎಳೆದು ಎದ್ದು ಬರೋರು ನಾವು. ಒಂದೇ ಗ್ರಾಫಿಗಾಗಿ 26 ವರ್ಷ ಕಾದವರ ಪ್ರಯೋಗವನ್ನು ಇವತ್ತು ನೋಡೋಣ.

ಮಣ್ಣು ಉಸಿರಾಡುತ್ತೆ. ಉದುರಿದ ಎಲೆ, ಸತ್ತ ಬೇರುಗಳನ್ನು ಸೂಕ್ಷ್ಮಜೀವಿಗಳು ತಿಂದು ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ. ಜೀವಂತ ಬೇರುಗಳೂ ಬಿಡುತ್ತವೆ. ಬಿಸಿ ಹೆಚ್ಚಿದರೆ ಈ ಕೆಲಸ ಜೋರಾಗುತ್ತೆ. ಆದರೆ ಮಣ್ಣು ತೀರಾ ಒಣಗಿದರೂ ನಿಧಾನ, ನೀರು ನಿಂತು ಆಮ್ಲಜನಕ ಸಿಗದಿದ್ದರೂ ನಿಧಾನ. ವಾತಾವರಣದಲ್ಲಿ ಇರುವುದಕ್ಕಿಂತ ಹೆಚ್ಚು ಇಂಗಾಲ ಮಣ್ಣಿನಲ್ಲಿದೆ. ಹಾಗಾಗಿ ಭೂಮಿ ಬಿಸಿಯಾದರೆ ಅದರಲ್ಲಿ ಎಷ್ಟು ಹೊರಗೆ ಬರುತ್ತೆ ಅನ್ನೋದು ಸಣ್ಣ ಪ್ರಶ್ನೆಯಲ್ಲ.

1991ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಹಾರ್ವರ್ಡ್ ಫಾರೆಸ್ಟ್‌ನಲ್ಲಿ ಜೆರ್ರಿ ಮೆಲಿಲೊ ಮತ್ತು ಸಂಗಡಿಗರು ಇದನ್ನು ಅಳೆಯಲು ಹೊರಟರು. ಉದ್ದಗಲ 6 ಮೀಟರ್ ಇರುವ 18 ತುಂಡು ನೆಲ. ಆರರಲ್ಲಿ 10 ಸೆಂಟಿಮೀಟರ್ ಆಳದಲ್ಲಿ ಹೀಟಿಂಗ್ ಕೇಬಲ್ ಹೂತು, ಮಣ್ಣನ್ನು ಸುತ್ತಲಿಗಿಂತ 5 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾಗಿ ಇಟ್ಟರು. ಇನ್ನು ಆರರಲ್ಲಿ ಕೇಬಲ್ ಹೂತರು, ಆದರೆ ಕರೆಂಟ್ ಕೊಡಲಿಲ್ಲ! ನೆಲ ಅಗೆದದ್ದರಿಂದ ಆದ ಬದಲಾವಣೆಯನ್ನು ಬಿಸಿಯ ಲೆಕ್ಕಕ್ಕೆ ಬರೆಯಬಾರದಲ್ಲ? ಉಳಿದ ಆರನ್ನು ಮುಟ್ಟಲೇ ಇಲ್ಲ. ನಮ್ಮ ಪ್ರಾಜೆಕ್ಟ್‌ಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗೋದು ಆ ಕರೆಂಟ್ ಇಲ್ಲದ ಆರೇ.

ಮೊದಲು ಬಿಸಿ ನೆಲ ಹೆಚ್ಚು ಇಂಗಾಲ ಬಿಟ್ಟಿತು, ಬರಬರುತ್ತಾ ವ್ಯತ್ಯಾಸ ಇಳಿಯಿತು. ಹತ್ತು ವರ್ಷದ ಡೇಟಾ ನೋಡಿ 2002ರಲ್ಲಿ ತಂಡ ಬರೆದದ್ದು: ಸುಲಭವಾಗಿ ಕೊಳೆಯುವ ಇಂಗಾಲ ಸ್ವಲ್ಪವೇ ಇರೋದರಿಂದ ಬಿಸಿಯ ಪರಿಣಾಮ ಸಣ್ಣದು, ಅಲ್ಪಾವಧಿಯದು. ಅಷ್ಟಕ್ಕೇ ಸ್ವಿಚ್ ಆಫ್ ಮಾಡಿದ್ದರೆ ಅದೇ ಕೊನೆಯ ಮಾತಾಗುತ್ತಿತ್ತು.

ಅವರು ಆಫ್ ಮಾಡಲಿಲ್ಲ. 2008ರಿಂದ ವ್ಯತ್ಯಾಸ ಮತ್ತೆ ಏರಿತು, ಕೆಲವು ವರ್ಷಗಳ ನಂತರ ಮತ್ತೆ ಇಳಿಯಿತು. ನಡುವಿನ ವರ್ಷಗಳಲ್ಲಿ ಸೂಕ್ಷ್ಮಜೀವಿಗಳ ಸಮುದಾಯವೇ ಬದಲಾಗಿತ್ತು. 2017ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, 26 ವರ್ಷಗಳಲ್ಲಿ ಬಿಸಿ ನೆಲದ ಮೇಲಿನ 60 ಸೆಂಟಿಮೀಟರ್ ಮಣ್ಣು ತನ್ನ ಇಂಗಾಲದಲ್ಲಿ 17% ಕಳೆದುಕೊಂಡಿತ್ತು.

2002ರ ಅಳತೆ ತಪ್ಪಾಗಿರಲಿಲ್ಲ, ಗ್ರಾಫ್ ಮುಗಿದಿರಲಿಲ್ಲ ಅಷ್ಟೇ. ನಮಗೆ ಸಿಗೋದು ಎರಡು ಸೆಮಿಸ್ಟರ್, 26 ವರ್ಷ ಯಾರಿಗೂ ಸಿಗಲ್ಲ. ಆದರೆ ರೀಡಿಂಗ್ ಜೊತೆ ತಾರೀಖು, ಆಳ, ತೇವ, ಸೆನ್ಸರ್ ಇಟ್ಟ ಜಾಗ ಬರೆದಿಡೋಕೆ ಐದು ನಿಮಿಷ ಸಾಕು. ಜೂನಿಯರ್‌ಗಳು ಆ ಫೈಲ್ ತೆಗೆದು ನಾವು ಬಿಟ್ಟಲ್ಲಿಂದ ಗೆರೆ ಮುಂದುವರಿಸುವಂತಿರಲಿ.