ಒಳಗೂ ಹೊರಗೂ ಒಂದೇ ಶ್ರುತಿ: ಕೆಲಸದಲ್ಲಿ ಮುಂದಾಳಾದವರಿಗೆ ದಾಸರ ಪಾಠ

 

ನಮ್ಮ ಶನಿವಾರದ ತರಗತಿಗೆ ಬರುವವರಲ್ಲಿ ಹೆಚ್ಚಿನವರು ಇಲ್ಲಿ ಅಮೆರಿಕದ ಕಂಪನಿಗಳಲ್ಲಿ ದುಡಿಯುವವರು. ಈಚೆಗೆ ಕೆಲವರು ಮ್ಯಾನೇಜರ್ ಆಗಿದ್ದಾರೆ. ಅವರ ಬಾಯಲ್ಲಿ ಆಗಾಗ ಕೇಳುವ ಮಾತು ‘ಅಥೆಂಟಿಕ್ ಲೀಡರ್’. ಮೆಡ್‌ಟ್ರಾನಿಕ್ ಕಂಪನಿಯ ಮುಖ್ಯಸ್ಥರಾಗಿದ್ದ ಬಿಲ್ ಜಾರ್ಜ್ 2003ರಲ್ಲಿ ಇದೇ ವಿಷಯದ ಮೇಲೆ ಒಂದು ಪುಸ್ತಕ ಬರೆದರು. ತಾನು ನಂಬಿದ ಮೌಲ್ಯಗಳಂತೆ ತಾನೂ ನಡೆದು, ಜನರನ್ನೂ ನಡೆಸುವುದು ಅಂತ ಅದರ ಸಾರ. ಆದರೆ ಎಷ್ಟೋ ಜನ “ನಾನಿರೋದೇ ಹೀಗೆ, ಅನಿಸಿದ್ದನ್ನ ಮುಖಕ್ಕೆ ಹೇಳಿಬಿಡ್ತೀನಿ” ಅನ್ನೋದನ್ನೇ ನೈಜತೆ ಅಂದುಕೊಳ್ಳುತ್ತಾರೆ.

ಸಂಗೀತ ಕಲಿತವರಿಗೆ ಇದರ ತಪ್ಪು ಬೇಗ ಗೊತ್ತಾಗುತ್ತದೆ. ಅಪಸ್ವರ ಹಾಡಿ, “ಇದು ನನ್ನ ಸಹಜ ಕಂಠ” ಅಂದರೆ ಯಾರು ಒಪ್ಪುತ್ತಾರೆ? ಕಂಠ ನಮ್ಮದೇ, ಅದನ್ನು ಶ್ರುತಿಗೆ ಸೇರಿಸುವ ಕೆಲಸವೂ ನಮ್ಮದೇ. ದಾಸರು ಬದುಕಿಗೆ ಹೇಳಿದ್ದೂ ಇದನ್ನೇ. ಮೂರು ಉದಾಹರಣೆ ನೋಡೋಣ.

ಒಂದು, ಬಾಳೆಹಣ್ಣು

ಯಾರೂ ನೋಡದ ಜಾಗದಲ್ಲಿ ತಿಂದು ಬನ್ನಿ ಅಂತ ಗುರುಗಳು ಶಿಷ್ಯರಿಗೆಲ್ಲ ಹಣ್ಣು ಕೊಟ್ಟ ಕಥೆ ನಮಗೆಲ್ಲ ಬಾಯಿಪಾಠ. ದೇವರು ಕಾಣದ ಜಾಗವೇ ಇಲ್ಲ ಅಂತ ಕನಕದಾಸರು ಹಣ್ಣನ್ನು ವಾಪಸ್ ತಂದರು. ಕೆಲಸದಲ್ಲಿ ಯಾರೂ ನೋಡದ ಜಾಗ ಯಾವುದು? ವರ್ಷಕ್ಕೊಮ್ಮೆ ಮ್ಯಾನೇಜರುಗಳು ಬಾಗಿಲು ಹಾಕಿಕೊಂಡು ಯಾರಿಗೆ ಎಷ್ಟು ರೇಟಿಂಗ್ ಅಂತ ತೀರ್ಮಾನಿಸುವ ಕೋಣೆ. ಎದುರಿಗೆ “ಬಹಳ ಚೆನ್ನಾಗಿ ಮಾಡಿದ್ದೀಯ” ಅಂದವರು ಅಲ್ಲಿ ಸುಮ್ಮನೆ ಕೂತರೆ, ಒಳಗೊಂದು ಹೊರಗೊಂದು ಆಯಿತಲ್ಲ. ಆ ಹುಡುಗ ಅಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಾನೆ ಅನ್ನುವ ಹಾಗೆ ಮಾತಾಡಬೇಕು.

ಎರಡು, ರಾಮಧಾನ್ಯ

ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಅಕ್ಕಿಗೂ ರಾಗಿಗೂ ಯಾರು ಮೇಲು ಅಂತ ಜಗಳ. ಅಕ್ಕಿ ತನ್ನ ಹಿರಿಮೆ ಹೇಳಿಕೊಳ್ಳುತ್ತೆ, ರಾಗಿಯೂ ಬಿಡಲ್ಲ. ರಾಮ ಮಾತಿನ ಭರಾಟೆ ಕೇಳಿ ತೀರ್ಪು ಕೊಡಲಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದ. ಆಮೇಲೆ ತೆಗೆದು ನೋಡಿದರೆ ಅಕ್ಕಿ ಸೊರಗಿತ್ತು, ರಾಗಿ ಹಾಗೇ ಇತ್ತು. ಮೀಟಿಂಗಿನಲ್ಲಿ ಚಂದ ಮಾತಾಡುವವರೇ ಕೆಲಸಗಾರರು ಅಂದುಕೊಳ್ಳುವ ಮುಂದಾಳುಗಳಿಗೆ ಇದಕ್ಕಿಂತ ಪಾಠ ಬೇಕೇ? ತನಗೂ ಅದೇ ಅಳತೆ: ಹೊಸ ಹುದ್ದೆಯ ಮೊದಲ ವಾರದ ಭಾಷಣಕ್ಕಿಂತ ಆರು ತಿಂಗಳ ನಡತೆ ದೊಡ್ಡದು.

ಮೂರು, ವ್ಯಾಸರಾಯರು

ನ್ಯಾಯಾಮೃತ, ತರ್ಕತಾಂಡವದಂಥ ಸಂಸ್ಕೃತ ಗ್ರಂಥಗಳನ್ನು ಬರೆದ ಯತಿಗಳು, ವಿಜಯನಗರದಲ್ಲಿ ಅರಸರ ಗೌರವ ಪಡೆದವರು. ಅಂಥವರು ತಮ್ಮ ಶಿಷ್ಯ ಪುರಂದರದಾಸರನ್ನು ಹೊಗಳಿ ಕನ್ನಡದಲ್ಲೇ ಪದ ಕಟ್ಟಿದರು. ಕೆಳಗಿನವರ ಕೆಲಸಕ್ಕೆ ತಮ್ಮ ಹೆಸರು ಹಾಕಿಕೊಳ್ಳುವವರನ್ನು ನಾವು ನೋಡಿಯೇ ಇದ್ದೇವೆ. ಶಿಷ್ಯನ ಹೆಸರನ್ನು ಎಲ್ಲರೆದುರು ಎತ್ತಿ ಹೇಳಿದ್ದರಿಂದ ಗುರುವಿನ ಎತ್ತರ ಕಡಿಮೆಯಾಗಲಿಲ್ಲ.

ಎಲ್ಲವನ್ನೂ ಹೇಳಲೇಬೇಕಾ?

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ನಮ್ಮ ತರಗತಿಯ ಒಬ್ಬಾಕೆಗೆ ತಂಡದಲ್ಲಿ ಕೆಲವರ ಕೆಲಸ ಹೋಗಲಿದೆ ಅಂತ ಮೊದಲೇ ತಿಳಿದಿತ್ತು. ಹೊರಗೆ ಹೇಳಬಾರದು ಅಂತ ಕಟ್ಟಪ್ಪಣೆ. “ಅಕ್ಕಾ, ಹುಡುಗರು ನೇರವಾಗಿ ಕೇಳ್ತಾರೆ, ನಮ್ಮ ಕೆಲಸ ಉಳಿಯುತ್ತಾ ಅಂತ. ಏನು ಹೇಳಲಿ?” ಅಂದರು. ಎಚ್-1ಬಿ ವೀಸಾದವರಿಗೆ ಕೆಲಸ ಹೋದರೆ ಸಾಮಾನ್ಯವಾಗಿ ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ದಾರಿ ಆಗಬೇಕು, ಇಲ್ಲಾಂದ್ರೆ ಮಕ್ಕಳ ಶಾಲೆ ಬಿಡಿಸಿ ಊರಿಗೆ ಹೊರಡಬೇಕು.

ನಾವಿಬ್ಬರೂ ಮಾತಾಡಿಕೊಂಡೆವು. ಸತ್ಯ ನುಡಿಯುವುದು ಅಂದರೆ ಗೊತ್ತಿದ್ದನ್ನೆಲ್ಲ ಸುರಿಯುವುದಲ್ಲ. ರಾಗದಲ್ಲಿ ಕೆಲವು ಸ್ವರ ವರ್ಜ್ಯ, ಅವನ್ನು ಹಾಡುವುದಿಲ್ಲ. ಹಾಗಂತ ಅಪಸ್ವರ ಹಾಡುವುದೂ ಇಲ್ಲ. ಆಕೆ ತಂಡಕ್ಕೆ ಹೇಳಿದ್ದು ಇಷ್ಟೇ: “ಎಲ್ಲ ಹೇಳುವ ಅಧಿಕಾರ ನನಗಿಲ್ಲ. ಎಲ್ಲ ಚೆನ್ನಾಗಿದೆ ಅಂತ ಸುಳ್ಳೂ ಹೇಳಲ್ಲ. ದೊಡ್ಡ ಖರ್ಚು ಇದ್ದರೆ ಯೋಚಿಸಿ ಮಾಡಿ.” ಮನೆಗೆ ಮುಂಗಡ ಕೊಡಲು ಹೊರಟಿದ್ದ ಒಬ್ಬ ಹುಡುಗ ಅದನ್ನು ಕೇಳಿ ತಡೆದ. ಆ ತಿಂಗಳೇ ಅವನ ಕೆಲಸ ಹೋಯಿತು, ಕೈಯಲ್ಲಿ ಹಣ ಉಳಿದಿತ್ತು. ಅವನಿಗೆ ಬೇರೆ ಕಡೆ ಕೆಲಸ ಹುಡುಕಲು ಆಕೆಯೇ ಓಡಾಡಿದರು.

ಅಭ್ಯಾಸ

ಪುರಂದರದಾಸರು ಹಾಕಿಕೊಟ್ಟ ಕ್ರಮದಲ್ಲಿ ಮಾಯಾಮಾಳವಗೌಳದ ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹಾಡಿಸುತ್ತೇವೆ. ಒಂದನೇ ಕಾಲದಲ್ಲಿ ಶ್ರುತಿಯಲ್ಲಿದ್ದದ್ದು ಮೂರನೇ ಕಾಲದಲ್ಲಿ ಜಾರುತ್ತೆ. ಆಫೀಸಿನಲ್ಲೂ ಅಷ್ಟೇ, ಒತ್ತಡ ಬಂದಾಗಲೇ ಶ್ರುತಿ ಗೊತ್ತಾಗೋದು. ನಿಧಾನದಲ್ಲಿ ಸಾಧನೆ ಮಾಡಿದ್ದರೆ ಮಾತ್ರ ವೇಗದಲ್ಲಿ ನಿಲ್ಲುತ್ತೆ.

ಆದ್ದರಿಂದ ಈ ವಾರ ರಾತ್ರಿ ದೇವರ ದೀಪದ ಮುಂದೆ ಕೂತಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇವತ್ತು ಎದುರಿಗಿಲ್ಲದವರ ಬಗ್ಗೆ ಏನು ಮಾತಾಡಿದೆ? ಯಾರ ಕೆಲಸವನ್ನು ಅವರ ಹೆಸರಿನಲ್ಲೇ ಹೇಳಿದೆ? ಯಾರಿಗಾದರೂ ಸುಳ್ಳು ಸಮಾಧಾನ ಕೊಟ್ಟೆನಾ? ಉತ್ತರ ಯಾರಿಗೂ ಒಪ್ಪಿಸಬೇಕಿಲ್ಲ, ಕೇಳುವವನು ಒಳಗೇ ಇದ್ದಾನೆ.

ಶ್ರೀಕೃಷ್ಣಾರ್ಪಣಮಸ್ತು.